ಒಬ್ಬರು ಓದಬೇಕು, ಒಬ್ಬರು ಟಿಕ್ ಹಾಕಬೇಕು

ಐಲ್ಸಾ ಗಿಲ್‌ಕ್ರಿಸ್ಟ್ ನಿವೃತ್ತರಾದಾಗ ನಮ್ಮ ಕಂಪನಿಯ ಪತ್ರಿಕೆ ಅವರ ಬಗ್ಗೆ ಅರ್ಧ ಪುಟ ಬರೆಯಿತು. ಹುಟ್ಟಿದ್ದು ಸ್ಕಾಟ್ಲೆಂಡಿನ ಬಕಿ ಎಂಬ ಮೀನುಗಾರರ ಊರಿನಲ್ಲಿ, ಹದಿನೇಳಕ್ಕೆ ಬ್ಯಾಂಕಿನಲ್ಲಿ ಗುಮಾಸ್ತೆ, ಆಮೇಲೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಕೊನೆಗೆ ಲೀಡ್ಸ್‌ನಲ್ಲಿ ಹದಿನೈದು ವರ್ಷ ಫೈನಾನ್ಸ್ ಡೈರೆಕ್ಟರ್. ಹವ್ಯಾಸ, ಬೆಟ್ಟ ಹತ್ತುವುದು. ಬೆಟ್ಟ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಿಜ. ಅದನ್ನು ಯಾರು ಸೇರಿಸಿದರೋ ಕಾಣೆ. ಲಿಫ್ಟ್ ಕೆಟ್ಟರೆ ಮೀಟಿಂಗನ್ನೇ ಕೆಳಮಹಡಿಗೆ ಇಳಿಸುತ್ತಿದ್ದ ಹೆಂಗಸು ಆಕೆ. ಆದರೆ ಓದಿ ಮುಗಿಸಿದಾಗ ನನಗೆ ಬಂದ ಸಿಟ್ಟಿಗೆ ಕಾರಣ ಬೆಟ್ಟವಲ್ಲ. ಅವರು ಮಾಡಿದ ಒಂದೇ ಒಂದು ದೊಡ್ಡ ತಪ್ಪಿನ ಸುದ್ದಿ ಅದರಲ್ಲಿ ಇರಲಿಲ್ಲ. ಅದಿಲ್ಲದೆ ಐಲ್ಸಾ ಯಾರೆಂದು ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ನಮ್ಮ ಆಫೀಸಿನಲ್ಲಿ ಚೇರ್ಮನ್‌ನಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ ಅವರನ್ನು ಐಲ್ಸಾ ಎಂದೇ ಕರೆಯುತ್ತಿದ್ದೆವು, ನಾನೂ ಸಹ. ಇಂಗ್ಲಿಷಿನಲ್ಲಿ ಅದು ಸಲೀಸು. ಕನ್ನಡದಲ್ಲಿ ಬರೆಯುವಾಗ ‘ಅವಳು’ ಎನ್ನಲು ಮಾತ್ರ ಕೈ ಓಡುವುದಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಕೆಲಸ ಕಲಿಸಿದವರು. ಹಾಗಾಗಿ ಇಲ್ಲಿ ಬಹುವಚನವೇ ಇರಲಿ.

ನಾನು ವಸುಂಧರಾ, ಮೈಸೂರಿನವಳು. ಗಂಡ ಮಿಥುನನ ಸಾಫ್ಟ್‌ವೇರ್ ಕೆಲಸದ ಹಿಂದೆ ಲೀಡ್ಸ್‌ಗೆ ಬಂದು, ಹೆಡಿಂಗ್ಲೀಯಲ್ಲಿ ಮನೆ ಮಾಡಿ, 2014ರಲ್ಲಿ ಆಲ್ಡರ್‌ಸೈಕ್ ಎಂಬ ಪಂಪ್ ತಯಾರಿಸುವ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ಮೊದಲ ವರ್ಷಾಂತ್ಯದ ಲೆಕ್ಕ ಮುಗಿಸಿ, ಸ್ಪ್ರೆಡ್‌ಶೀಟ್ ಕಳಿಸಿ, ಕೋಟು ಹಾಕಿಕೊಳ್ಳುತ್ತಿದ್ದೆ. ಗಿಡ್ಡಗೆ ಗಟ್ಟಿಮುಟ್ಟಾಗಿದ್ದ ಹೆಂಗಸೊಬ್ಬರು ನನ್ನ ಶೀಟನ್ನು ಪ್ರಿಂಟ್ ಮಾಡಿಕೊಂಡು ಬಂದು, ಪಕ್ಕದ ಕುರ್ಚಿ ಎಳೆದುಕೊಂಡು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, “ಓದು” ಎಂದರು. ಏನನ್ನು ಎಂದು ಕೇಳಿದೆ. “ಎಲ್ಲವನ್ನೂ. ಗಟ್ಟಿಯಾಗಿ.”

ಹೀಗೆ ನಾನು ಕಾಲಿಂಗ್ ಓವರ್ ಕಲಿತದ್ದು. ಲೆಕ್ಕ ಮಾಡಿದವರು ಮೂಲ ಕಾಗದ ನೋಡಿ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಶೀಟಿನ ಮೇಲೆ ಅದೇ ಅಂಕಿ ಕಂಡರೆ ಟಿಕ್ ಹಾಕಬೇಕು. ಕಾಣದಿದ್ದರೆ ಪೆನ್ಸಿಲ್ ನಿಲ್ಲುತ್ತದೆ. ಆಗ ಇಬ್ಬರೂ ನಿಲ್ಲಬೇಕು. ತಪ್ಪನ್ನು ಅಳಿಸುವಂತಿಲ್ಲ, ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಬೇಕು. ಕಂಪ್ಯೂಟರ್ ತಾನೇ ಕೂಡಿ ಕಳೆಯುವ ಕಾಲದಲ್ಲಿ ಇದೆಂಥ ಅಜ್ಜಿಕಾಲದ ಪದ್ಧತಿ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಅವಸರದಲ್ಲಿ ಒಂದು ಅಂಕಿಯನ್ನು “ಹನ್ನೆರಡು ಲಕ್ಷ” ಎಂದು ಓದಿಬಿಟ್ಟೆ. ಪೆನ್ಸಿಲ್ ನಿಂತಿತು. ಲಕ್ಷ ಎಂದರೇನೆಂದು ಅರ್ಧ ಗಂಟೆ ಕೂತು ಕೇಳಿಸಿಕೊಂಡರು, ಕೋಟಿಯನ್ನೂ ಬಿಡಲಿಲ್ಲ. ಆಮೇಲೆ ಬೋರ್ಡ್ ಮೀಟಿಂಗಿನಲ್ಲಿ ಯಾರಾದರೂ ಅತಿಯಾಗಿ ಖರ್ಚು ಕೇಳಿದರೆ “ಎಷ್ಟು ಲಕ್ಷ ಬೇಕಪ್ಪಾ ನಿನಗೆ?” ಎಂದು ಅವರ ಮುಖ ನೋಡುತ್ತಿದ್ದರಂತೆ. ಅವರೆಲ್ಲ ಅದು ಸ್ಕಾಟ್ಲೆಂಡಿನ ಮಾತು ಅಂದುಕೊಂಡಿದ್ದರು.

ಆ ಪದ್ಧತಿಯನ್ನು ಅವರು ಕಲಿತದ್ದು ಬಕಿಯ ಬ್ಯಾಂಕಿನಲ್ಲಿ. ಅಪ್ಪ ಬಂದರಿನ ಮೀನು ಮಾರುಕಟ್ಟೆಯಲ್ಲಿ ತೂಕ ಹಾಕುವವನು. ಹದಿನೇಳಕ್ಕೆ ಶಾಲೆ ಬಿಟ್ಟು ಬ್ಯಾಂಕಿಗೆ ಸೇರಿದ ಹುಡುಗಿಗೆ ದಿನಾ ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕಿದ ಮೇಲೆ ಇದೇ ಕೆಲಸ. ಓದುವವನು ಡೂಥಿ ಎಂಬ ಮುದುಕ, ಟಿಕ್ ಹಾಕುವವಳು ಐಲ್ಸಾ. ಮುದುಕ ವಾರಕ್ಕೊಮ್ಮೆ ಬೇಕೆಂದೇ ಒಂದು ಅಂಕಿ ತಪ್ಪು ಓದುತ್ತಿದ್ದನಂತೆ, ಹುಡುಗಿ ಎಚ್ಚರವಾಗಿದ್ದಾಳೋ ಇಲ್ಲವೋ ನೋಡಲು. “ಒಂದೇ ಸಲ ಸಿಕ್ಕಿಬಿದ್ದೆ. ಆವತ್ತು ಊಟ ಸೇರಲಿಲ್ಲ,” ಎಂದು ನನಗೆ ಹೇಳಿದ್ದರು.

ಸಂಜೆ ಓದಿ ಅಕೌಂಟೆನ್ಸಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ, 1987ರಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್‌ಗೆ ಬಂದರು, ಆಲ್ಡರ್‌ಸೈಕ್‌ನ ಹಳೆಯ ಫ್ಯಾಕ್ಟರಿಗೆ. ಸಂಬಳದ ಲೆಕ್ಕ ಬರೆಯುವ ಆಫೀಸಿನಲ್ಲಿ ಅವರೊಬ್ಬರೇ ಹೆಣ್ಣು. ಅವರ ಮಾತು ಅಲ್ಲಿಯವರಿಗೆ ತಿಳಿಯದು, ಅಲ್ಲಿಯವರ ಮಾತು ಇವರಿಗೆ ತಿಳಿಯದು. ಮೊದಲ ವಾರ ಚಿಪ್ಸ್ ಅಂಗಡಿಯವನು ಸ್ಕಾಟ್ಲೆಂಡಿನ ಬ್ಯಾಂಕುಗಳು ತಾವೇ ಅಚ್ಚು ಹಾಕುವ ಪೌಂಡ್ ನೋಟು ನೋಡಿ, ಇದು ಆಟದ ದುಡ್ಡು, ಬೇಡ ಎಂದನಂತೆ. ಐಲ್ಸಾ ಚಿಪ್ಸನ್ನು ಅಲ್ಲೇ ಬಿಟ್ಟು ಬಂದರು. ಮಾರನೆಯ ದಿನ ಅದೇ ನೋಟು ಹಿಡಿದು ಹೋದರು. ಅದರ ಮಾರನೆಯ ದಿನವೂ ಹೋದರು. ಐದನೆಯ ದಿನ ಅವನೇ ಸೋತು ತೆಗೆದುಕೊಂಡ. ಅವತ್ತಿನಿಂದ ನಿವೃತ್ತಿಯವರೆಗೆ ಊರಿಗೆ ಹೋದಾಗಲೆಲ್ಲ ಒಂದು ಕಟ್ಟು ಆ ನೋಟು ತಂದಿಟ್ಟುಕೊಂಡು, ಯಾವ ಅಂಗಡಿಗೆ ಹೋದರೂ ಮೊದಲು ಅದನ್ನೇ ಕೊಡುತ್ತಿದ್ದರು. ಬೇಡ ಎಂದವರ ಜೊತೆ ಜಗಳಕ್ಕೆ ಅವರಿಗೆ ಸದಾ ಸಮಯವಿತ್ತು. ಹಿಂದೆ ಕ್ಯೂನಲ್ಲಿ ನಿಂತು ನಾನು ಎಷ್ಟು ಸಲ ನಾಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಅದೇ ಸ್ಮೆತಿಕ್‌ನಲ್ಲಿ 1991ರಲ್ಲಿ ಕಾರ್ಮಿಕರ ಸಂಘಕ್ಕೂ ಕಂಪನಿಗೂ ಒಂದು ಒಪ್ಪಂದವಾಯಿತು. ಆ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಸಿಗುವ ಭತ್ಯೆಯನ್ನೂ ಸಂಬಳದ ಜೊತೆ ಸೇರಿಸಿ ಪೆನ್ಶನ್ ಲೆಕ್ಕ ಹಾಕಬೇಕು ಎಂದು. ಬೇರೆ ಯಾವ ಊರಿನ ಫ್ಯಾಕ್ಟರಿಗೂ ಈ ನಿಯಮವಿಲ್ಲ. ಒಪ್ಪಂದವನ್ನು ಟೈಪ್ ಮಾಡಿದ್ದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ನೋಡಿದ್ದು, ಐಲ್ಸಾ. ಇದು ನೆನಪಿರಲಿ.

ಆಮೇಲೆ ಅವರ ಏಳಿಗೆಯನ್ನು ತಡೆಯುವವರು ಇರಲಿಲ್ಲ. ಮ್ಯಾಂಚೆಸ್ಟರಿನ ಶಾಖೆ ಮುಳುಗುತ್ತಿದ್ದಾಗ ಅಲ್ಲಿಗೆ ಹೋಗಿ ಐದು ವರ್ಷದಲ್ಲಿ ಲಾಭಕ್ಕೆ ತಂದರು. ಲೀಡ್ಸ್‌ಗೆ ಬಂದು 2009ರಲ್ಲಿ ಫೈನಾನ್ಸ್ ಡೈರೆಕ್ಟರ್ ಆದರು. ಮದುವೆಯಾಗಲಿಲ್ಲ, ಯಾಕೆ ಎಂದು ನಾನು ಒಮ್ಮೆ ನಮ್ಮವರ ಅಭ್ಯಾಸದಂತೆ ಕೇಳಿಯೇಬಿಟ್ಟಾಗ, “ಕೇಳಿದವನು ಬಹಳ ಮೆಲ್ಲಗೆ ಕೇಳಿದ, ನನಗೆ ಕೇಳಿಸಲಿಲ್ಲ,” ಎಂದರು. ಅವರ ಕೈಕೆಳಗೆ ಆಲ್ಡರ್‌ಸೈಕ್‌ನ ಪ್ರತಿ ಲೆಕ್ಕದ ಶೀಟಿನ ಕೆಳಗೂ ಎರಡು ಚೌಕ ಬಂದವು. ಒಂದರಲ್ಲಿ ಮಾಡಿದವರ ಹೆಸರು, ಇನ್ನೊಂದರಲ್ಲಿ ಟಿಕ್ ಹಾಕಿದವರ ಹೆಸರು. ಎರಡನೆಯ ಚೌಕ ಖಾಲಿಯಿದ್ದರೆ ಶೀಟು ಅವರ ಮೇಜಿನಿಂದ ವಾಪಸ್ಸು ಬರುತ್ತಿತ್ತು. “ಒಬ್ಬಳೇ ನೋಡಿದರೆ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ” ಎಂಬುದು ಅವರ ಮಾತು. ಹತ್ತು ವರ್ಷದಲ್ಲಿ ಅದನ್ನು ನಾನು ಸಾವಿರ ಸಲ ಕೇಳಿದ್ದೇನೆ.

ಈ ವರ್ಷ ಜೂನ್ ಕೊನೆಗೆ ಅವರ ನಿವೃತ್ತಿ ಎಂದು ಗೊತ್ತಾಗಿತ್ತು. ಯುಗಾದಿಯ ನಂತರದ ಶನಿವಾರ ಮಿಥುನ್ ಮತ್ತು ನಾನು ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋಗಿದ್ದೆವು. ಊಟದ ಸಾಲಿನಲ್ಲಿ ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಅಮ್ಮ, ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆಯ ಮೇಲೆ ದಪ್ಪ ಉಣ್ಣೆಯ ಕೋಟು. ನಮ್ಮ ಕನ್ನಡ ಕೇಳಿ ತಿರುಗಿದರು, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು.

“ಲೀಡ್ಸ್‌ನ್ಯಾಗ ಎಲ್ಲಿ ಕೆಲಸ ಮಾಡ್ತಿ ಯವ್ವಾ?”

“ಆಲ್ಡರ್‌ಸೈಕ್ ಅಂತ ಅಮ್ಮ, ಪಂಪ್ ಕಂಪನಿ. ಅಕೌಂಟ್ಸ್‌ನಲ್ಲಿ.”

ಅವರು ತಟ್ಟೆಯನ್ನು ಹಾಗೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮ ಯಜಮಾನ್ರ ಕಂಪ್ನಿ! ಎಂಟು ವರ್ಷ ಆತು ಅಕೌಂಟ್ಸ್‌ನವರು ಒಬ್ಬರು ಸಿಗಲಿ ಅಂತ ಕಾಯಾಕತ್ತೀನಿ. ಉಣ್ಣು ಮೊದಲ, ಆಮ್ಯಾಲೆ ನಮ್ಮ ಮನಿಗೆ ನಡಿ.”

ಅವರೇ ಗಂಗವ್ವ. ಗಂಡ ಶಿವಪ್ಪ ಬೈಲಹೊಂಗಲದಿಂದ ಡಿಪ್ಲೊಮಾ ಮುಗಿಸಿ 1986ರಲ್ಲಿ ಬಂದವರು, ಸ್ಮೆತಿಕ್ ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿಯ ಎಂಜಿನಿಯರ್. ಇಪ್ಪತ್ತೆರಡು ವರ್ಷ ರಾತ್ರಿ ಪಾಳಿ. 2013ರಲ್ಲಿ ನಿವೃತ್ತರಾಗಿ, ಎರಡೇ ವರ್ಷಕ್ಕೆ ತೀರಿಕೊಂಡರು. ಈಗ ಗಂಗವ್ವನಿಗೆ ಅವರ ಪೆನ್ಶನ್ನಿನ ಅರ್ಧ ಬರುತ್ತದೆ. ದೇವಸ್ಥಾನದಿಂದ ಹತ್ತು ನಿಮಿಷದ ದಾರಿಯಲ್ಲಿ ಅವರ ಮನೆ. ಅಡುಗೆಮನೆಯ ಮೇಜಿನ ಮೇಲೆ ಅವರು ಒಂದು ಚೀಲ ಸುರಿದರು. ಇಪ್ಪತ್ತೇಳು ವರ್ಷದ ಸಂಬಳದ ಚೀಟಿಗಳು, ತಿಂಗಳವಾರು ಜೋಡಿಸಿ ದಾರ ಕಟ್ಟಿದವು.

“ನಮ್ಮ ಅಮೃತ್ ಡಾಕ್ಟರ್ ಅದಾನ, ಶಾಣ್ಯಾ ಮಗ. ‘ಅವ್ವಾ, ಬಿಡು ಇನ್ನ, ಅಷ್ಟು ದೊಡ್ಡ ಕಂಪ್ನಿ ತಪ್ಪು ಮಾಡೂದಿಲ್ಲ’ ಅಂತಾನ. ನೀನ ನೋಡು. ಚೀಟಿ ಒಳಗ ನೈಟ್ ಶಿಫ್ಟ್ ಅಂತ ರೊಕ್ಕ ಐತಿ. ಪೆನ್ಶನ್ ಲೆಕ್ಕದಾಗ ಆ ರೊಕ್ಕ ಎಲ್ಲಿ ಐತಿ? ನನಗ ಕಾಣವಲ್ದು.”

ನನಗೂ ಕಾಣಲಿಲ್ಲ. ಮೂರು ಸಲ ನೋಡಿದೆ. ಚೀಟಿಯಲ್ಲಿದ್ದ ರಾತ್ರಿ ಭತ್ಯೆ ಪೆನ್ಶನ್ ಲೆಕ್ಕದ ಸಂಬಳದಲ್ಲಿ ಇಲ್ಲವೇ ಇಲ್ಲ. ತಿಂಗಳಿಗೆ ಅರವತ್ತೊಂದು ಪೌಂಡ್ ಕಡಿಮೆ. ಚೀಲದ ತಳದಲ್ಲಿ ಇನ್ನೊಂದು ಲಕೋಟೆಯಿತ್ತು. ನಾನು ಕೈಹಾಕಿದರೆ ಗಂಗವ್ವ ಅದನ್ನು ಎತ್ತಿಟ್ಟುಕೊಂಡರು. “ಇದು ಈಗ ಬ್ಯಾಡ. ತಪ್ಪು ಮಾಡಿದವರು ಬಂದಾಗ ತೋರಸ್ತೀನಿ.” ಬರುತ್ತಾರೆ ಎಂದು ಅವರಿಗೆ ಅಷ್ಟು ನಂಬಿಕೆ ಯಾಕಿತ್ತೋ. ನನಗಂತೂ ಇರಲಿಲ್ಲ.

ಸೋಮವಾರ ಹಳೆಯ ಫೈಲು ತೆಗೆಸಿದೆ. 2013ರಲ್ಲಿ ಕಂಪನಿ ಹಳೆಯ ಪೆನ್ಶನ್ ಯೋಜನೆಯನ್ನು ಮುಚ್ಚಿದಾಗ ಎಲ್ಲರ ಪೆನ್ಶನ್ನನ್ನೂ ಹೊಸದಾಗಿ ಲೆಕ್ಕ ಹಾಕಿದ್ದರು. ಸ್ಮೆತಿಕ್‌ನ ರಾತ್ರಿ ಪಾಳಿಯವರದ್ದು ಒಂದೇ ಶೀಟು, ಇನ್ನೂರ ಹದಿನಾಲ್ಕು ಹೆಸರು. ಭತ್ಯೆಯ ಕಾಲಮ್ಮೇ ಇಲ್ಲ. ಕೆಳಗಿನ ಚೌಕಗಳನ್ನು ನೋಡಿದೆ. ಮಾಡಿದವರ ಚೌಕದಲ್ಲಿ ಎ.ಜಿ. ಎಂದಿತ್ತು. ಟಿಕ್ ಹಾಕಿದವರ ಚೌಕ ಖಾಲಿ.

ಇಡೀ ಕಂಪನಿಯಲ್ಲಿ ಯಾರೂ ಟಿಕ್ ಹಾಕದ ಒಂದೇ ಶೀಟು, ಅದೂ ಐಲ್ಸಾರದ್ದು. ಒಪ್ಪಂದ ಟೈಪ್ ಮಾಡಿದವರೇ ಅದನ್ನು ಮರೆತಿದ್ದರು. ನಿವೃತ್ತಿಗೆ ಹತ್ತು ವಾರ. ಸುಮ್ಮನಿದ್ದುಬಿಡೋಣ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಹೋಗಿ ಮಿಥುನನಿಗೆ ಹೇಳಿದೆ. ಅವನು, “ನೀನು ಹೇಳ್ದೆ ಇರಲ್ಲ ಬಿಡು, ಸುಮ್ನೆ ಯಾಕೆ ನಿದ್ದೆ ಕೆಡಿಸ್ಕೊತೀಯ,” ಎಂದು ಟಿವಿ ಹಾಕಿದ.

ಮಂಗಳವಾರ ಬೆಳಿಗ್ಗೆ ಶೀಟು, ಒಪ್ಪಂದ, ಶಿವಪ್ಪನವರ ಒಂದು ಸಂಬಳದ ಚೀಟಿ ಮೂರನ್ನೂ ಐಲ್ಸಾರ ಮೇಜಿನ ಮೇಲಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು. ಮುಖ ಸಣ್ಣದಾಯಿತು. “ಸರಿ, ನೀನು ಹೋಗು,” ಎಂದರು, ಅಷ್ಟೇ.

ಆ ದಿನವೂ ಮರುದಿನವೂ ಅದರ ಮರುದಿನವೂ ಅವರ ಬಾಗಿಲು ಮುಚ್ಚಿತ್ತು. ಮೊದಲ ದಿನ ಅಯ್ಯೋ ಅನ್ನಿಸಿತು. ಮೂರನೆಯ ದಿನ ಸಿಟ್ಟು ನೆತ್ತಿಗೇರಿತು. ಹತ್ತು ವರ್ಷ ನನ್ನ ಕೈಯಲ್ಲಿ ಚಿಲ್ಲರೆ ಪೆನ್ನಿಗಳನ್ನೂ ಗಟ್ಟಿಯಾಗಿ ಓದಿಸಿದವರು ತಮ್ಮ ಸರದಿ ಬಂದಾಗ ಬಾಯಿಗೆ ಬೀಗ ಹಾಕಿಕೊಂಡರಲ್ಲ ಎಂದು. ಸುಮ್ಮನೆ ಜೂನ್ ಕಳೆಯುವವರೆಗೆ ಕಾಯುತ್ತಿದ್ದಾರೆ, ಕೇಕು ಕತ್ತರಿಸಿ ಊರಿಗೆ ಹೋಗುತ್ತಾರೆ ಎಂದೇ ಅಂದುಕೊಂಡೆ. ಅವರ ಬಗ್ಗೆ ನಾನು ಅಷ್ಟು ಕೀಳಾಗಿ ಯೋಚಿಸಿದ್ದು ಅದೊಂದೇ ಸಲ.

ಶುಕ್ರವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದರು. ಪೆನ್ಸಿಲನ್ನು ನನ್ನ ಕಡೆ ಚಾಚಿದರು.

“ಈ ಸಲ ನಾನು ಓದುತ್ತೇನೆ. ಟಿಕ್ ನೀನು ಹಾಕು.”

“ಮೂರು ದಿನ ಏನ್ ಮಾಡ್ತಿದ್ರಿ ನೀವು?” ನನ್ನ ದನಿ ಜೋರಾಗಿಯೇ ಇತ್ತು.

“ತಪ್ಪು ಬೇರೆ ಯಾರದ್ದಾದರೂ ಆಗಿರಬಹುದಾ ಅಂತ ಹುಡುಕುತ್ತಿದ್ದೆ,” ಎಂದರು. “ಚೆನ್ನಾಗಿ ಹುಡುಕಿದೆ. ಯಾರೂ ಸಿಗಲಿಲ್ಲ.”

ಇನ್ನೂರ ಹದಿನಾಲ್ಕು ಜನರ ಹಳೆಯ ಚೀಟಿಗಳನ್ನು ಗೋಡೌನಿನಿಂದ ತರಿಸಿ, ಹೊಸ ಶೀಟು ಮಾಡಿ, ಆರು ದಿನ ಅವರು ಓದಿದರು, ನಾನು ಟಿಕ್ ಹಾಕಿದೆ. ಹೆಸರು ಬಂದಾಗಲೆಲ್ಲ ಅವರು ಸ್ವಲ್ಪ ನಿಲ್ಲುತ್ತಿದ್ದರು. ಅರ್ಧಕ್ಕರ್ಧ ಜನ ಅವರಿಗೆ ಗುರುತು. ಇವನ ಹೆಂಡತಿ ಕೇಕ್ ಮಾಡುತ್ತಿದ್ದಳು, ಇವನಿಗೆ ಎರಡು ಬೆರಳು ಇರಲಿಲ್ಲ ಎನ್ನುತ್ತಾ ಮುಂದೆ ಹೋಗುತ್ತಿದ್ದರು. ಶಿವಪ್ಪನವರ ಹೆಸರು ಬಂದಾಗ, “ನಮ್ಮ ಆಫೀಸಿನ ಹೀಟರ್ ರಿಪೇರಿ ಮಾಡಿದವನು. ಬೇರೆ ಯಾರೂ ಬರುತ್ತಿರಲಿಲ್ಲ,” ಎಂದರು. ಆ ಶೀಟನ್ನು 2013ರ ಮೇ ತಿಂಗಳಲ್ಲಿ, ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾಗ, ಊರಿನ ದಾರಿಯಲ್ಲಿ, ಲೀಡ್ಸ್‌ನಿಂದ ಅಬರ್ಡೀನಿಗೆ ಹೋಗುವ ರೈಲಿನಲ್ಲಿ ಕೂತು ಮಾಡಿದ್ದರಂತೆ. ಊರು ತಲುಪಿದ ಮೇಲೆ ಟಿಕ್ ಹಾಕಿಸಲು ನೆನಪಾಗಲಿಲ್ಲ. ಇದನ್ನು ನಾನು ಕೇಳಿದ್ದಕ್ಕೆ ಹೇಳಿದರು. ಇನ್ನೆಲ್ಲೂ ಹೇಳಬೇಡ ಎಂದೂ ಹೇಳಿದರು. ಅದೊಂದು ಮಾತನ್ನು ನಾನು ಈಗ ಮೀರುತ್ತಿದ್ದೇನೆ.

ಬೋರ್ಡಿನ ಮುಂದೆ ಅವರು ಕಾಗದ ಇಟ್ಟಾಗ ಅಂಕಿಗಳನ್ನು ವಿವರಿಸಲು ನನ್ನನ್ನೂ ಕೂರಿಸಿಕೊಂಡಿದ್ದರು. ಬಾಕಿ ಹಣವನ್ನು ಬಡ್ಡಿ ಸಮೇತ ಕೊಡಲು ಯಾರೂ ತಕರಾರು ತೆಗೆಯಲಿಲ್ಲ, ಅದು ಹೇಳಲೇಬೇಕು. ಎಳೆದಾಟ ಆದದ್ದು ಪತ್ರದ ಬಗ್ಗೆ. ನಮ್ಮ ಚೀಫ್ ಎಕ್ಸಿಕ್ಯೂಟಿವ್ ಡೊಮಿನಿಕ್ ಒಂದು ಕರಡು ತಂದಿದ್ದ. “ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಂಡುಬಂದ ದೋಷದಿಂದಾಗಿ” ಎಂದು ಅದರ ಆರಂಭ. ಅವನು ಕೆಟ್ಟವನಲ್ಲ, ಐಲ್ಸಾ ಎಂದರೆ ಅವನಿಗೆ ಪ್ರೀತಿಯೇ.

“ಐಲ್ಸಾ, ಮೂವತ್ತೇಳು ವರ್ಷದ ಹೆಸರು ನಿಮ್ಮದು. ಕೊನೆಯ ತಿಂಗಳಲ್ಲಿ ಯಾಕೆ ಹಾಳು ಮಾಡಿಕೊಳ್ಳುತ್ತೀರಿ? ದುಡ್ಡು ಸಿಕ್ಕಿದರೆ ಸಾಕು ಅವರಿಗೆ. ಯಾರ ತಪ್ಪು ಅಂತ ಯಾರು ಕೇಳುತ್ತಾರೆ?”

“ಆ ಚೌಕ ಖಾಲಿ ಬಿಟ್ಟದ್ದು ಕಂಪ್ಯೂಟರ್ ಅಲ್ಲ ಡೊಮಿನಿಕ್, ನಾನು,” ಎಂದು ಐಲ್ಸಾ ಪೆನ್ಸಿಲ್ ತೆಗೆದು ಅವನ ಮೊದಲ ಸಾಲಿನ ಮೇಲೆ ಗೆರೆ ಎಳೆದರು. ಮೇಲೆ ಬರೆದರು: ಈ ಲೆಕ್ಕ ಮಾಡಿದ್ದು ನಾನು, ತಪ್ಪು ನನ್ನದು. ಇನ್ನೂರ ಹದಿನಾಲ್ಕು ಮನೆಗಳಿಗೂ ಹಾಗೆಯೇ ಹೋಯಿತು, ಅವರ ಸಹಿಯೊಂದಿಗೆ. ಒಳಗೊಳಗೇ ನಾನು ಹಿಗ್ಗಿಹೋಗಿದ್ದೆ. ಗಂಗವ್ವನಿಗೆ ಫೋನ್ ಮಾಡಿ, ಎಲ್ಲಾ ಸರಿಹೋಯಿತು ಅವ್ವಾ, ಪತ್ರ ಬರುತ್ತೆ ಎಂದೆ.

“ಪತ್ರ ಬರಲಿ,” ಎಂದರು ಅವರು. “ಆಕಿ ಯಾವಾಗ ಬರ್ತಾಳ?”

ಈ ಮಾತನ್ನು ಐಲ್ಸಾರಿಗೆ ನಗುತ್ತಾ ದಾಟಿಸಿದೆ. ಅವರು ನಗಲಿಲ್ಲ. ಡೈರಿ ತೆಗೆದು ಶನಿವಾರ ಎಂದು ಬರೆದುಕೊಂಡರು.

ಜೂನ್ ಎರಡನೆಯ ಶನಿವಾರ ಹನ್ನೊಂದು ಗಂಟೆಗೆ ಗಂಗವ್ವನ ಅಡುಗೆಮನೆಯಲ್ಲಿ ನಾವು ಮೂವರೂ ಕೂತೆವು. ಐಲ್ಸಾ ಬೋರ್ಡ್ ಮೀಟಿಂಗಿಗೆ ಹಾಕಿಕೊಳ್ಳುವ ನೀಲಿ ಕೋಟಿನಲ್ಲಿ ಬಂದಿದ್ದರು. ಗೋಡೆಯ ಮೇಲೆ ಶಿವಪ್ಪನವರ ಫೋಟೋ. ಗಂಗವ್ವ ಚಹಾ ಕೊಟ್ಟರು, ಶೇಂಗಾ ಉಂಡಿ ಇಟ್ಟರು. ಐಲ್ಸಾ ಕ್ಷಮೆ ಕೇಳಿದರು, ಸುತ್ತಿಬಳಸದೆ, ಎರಡೇ ವಾಕ್ಯದಲ್ಲಿ. ಗಂಗವ್ವ ನನ್ನ ಕಡೆ ತಿರುಗಿದರು.

“ನಾ ಕನ್ನಡದಾಗ ಹೇಳ್ತೀನಿ, ನೀ ಆಕಿಗೆ ಹೇಳು. ಇಂಗ್ಲಿಷ್ ಬರತೈತಿ ನನಗ, ಸಿಟ್ಟು ಬಂದಾಗ ಬರೂದಿಲ್ಲ.” ಉಸಿರು ತೆಗೆದುಕೊಂಡರು. “ರೊಕ್ಕಾ ಬೇಕ, ಬ್ಯಾಡ ಅನ್ನೂದಿಲ್ಲ. ಆದ್ರ ಇವರು ಸಾಯೂ ಮುಂದ ನಾ ಒಮ್ಮೆ ಕೇಳಿದ್ದೆ, ಪೆನ್ಶನ್ ಕಡಿಮಿ ಬಂದಂಗ ಐತಲ್ಲರೀ ಅಂತ. ‘ಏ ಹುಚ್ಚಿ, ಆ ಸ್ಕಾಟ್ಲೆಂಡಿನ ಹುಡುಗಿ ಅದಾಳ ಅಲ್ಲಿ, ಆಕಿ ಮಾಡಿದ ಲೆಕ್ಕ ತಪ್ಪಂಗಿಲ್ಲ’ ಅಂದ್ರು. ಹಂಗ ನಂಬಕೋತನ ಹ್ವಾದ್ರು.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೃದು ಮಾಡಿ ಹೇಳಬಹುದಿತ್ತು, ಮಾಡಲಿಲ್ಲ. ಐಲ್ಸಾ ಫೋಟೋ ಕಡೆ ನೋಡಿದರು, ಚಹಾದ ಕಪ್ಪನ್ನು ಕೆಳಗಿಟ್ಟರು.

ಗಂಗವ್ವ ಎದ್ದು, ಅಂದು ಎತ್ತಿಟ್ಟುಕೊಂಡಿದ್ದ ಲಕೋಟೆ ತಂದರು. ಒಳಗೆ ಆಲ್ಡರ್‌ಸೈಕ್‌ನ ಹಳೆಯ ಲೆಟರ್‌ಹೆಡ್ಡಿನಲ್ಲಿ ಒಂದು ಹಾಳೆ, 2016ರದ್ದು. ಗಂಡ ತೀರಿದ ಮೇಲೆ ಚೀಟಿಗಳನ್ನು ಜೋಡಿಸುವಾಗ ಹಳೆಯ ಅನುಮಾನ ಗಟ್ಟಿಯಾಗಿ ಅವರು ಕಂಪನಿಗೆ ಪತ್ರ ಬರೆಸಿದ್ದರು. ಇದು ಅದಕ್ಕೆ ಬಂದ ಉತ್ತರ. ಕೆಳಗೆ ಐಲ್ಸಾರ ಸಹಿ.

ಐಲ್ಸಾ ಹಾಳೆಯನ್ನು ಹಿಡಿದು ನೋಡಿದರು. “ಇದು ನನಗೆ ನೆನಪೇ ಇಲ್ಲ,” ಎಂದರು. ಆ ಒಂದು ಮಾತು ತಪ್ಪಿಗಿಂತ ಕೆಟ್ಟದ್ದಾಗಿ ನನಗೆ ಕೇಳಿಸಿತು. ದಿನಕ್ಕೆ ಐವತ್ತು ಪತ್ರಗಳಿಗೆ ಸಹಿ ಮಾಡುವವರು, ಯಾರೋ ಟೈಪ್ ಮಾಡಿ ತಂದಿಟ್ಟದ್ದಕ್ಕೆ ಸಹಿ ಹಾಕಿದ್ದರು. ಗಂಗವ್ವ ಅದನ್ನು ಎಂಟು ವರ್ಷ ಆ ಚೀಟಿಗಳ ಚೀಲದ ತಳದಲ್ಲಿ ಇಟ್ಟುಕೊಂಡಿದ್ದರು.

“ನೀವು ಆಫೀಸಿನ್ಯಾಗ ಒಬ್ಬರು ಓದ್ತೀರಿ, ಒಬ್ಬರು ಟಿಕ್ ಹಾಕ್ತೀರಿ ಅಂತ ಈಕಿ ಹೇಳ್ಯಾಳ,” ಎಂದು ಗಂಗವ್ವ ಐಲ್ಸಾರಿಗೆ ಈಗ ಇಂಗ್ಲಿಷಿನಲ್ಲೇ, ಒಂದೊಂದೇ ಪದ ಹುಡುಕಿ ಹೇಳಿದರು. ಅವರ ಬೆರಳು ಐಲ್ಸಾರ ಕಿವಿಯ ಕಡೆ ಹೋಯಿತು. ಐಲ್ಸಾ ಅರ್ಥಮಾಡಿಕೊಂಡು ಪೆನ್ಸಿಲ್ ತೆಗೆದು ಕೊಟ್ಟರು. ಹಾಳೆಯನ್ನು ಇಬ್ಬರ ನಡುವೆ ಮೇಜಿನ ಮೇಲೆ ಹರಡಿದರು.

ಐಲ್ಸಾ ಓದಿದರು, ಗಟ್ಟಿಯಾಗಿ. ತಾರೀಖು. ಗಂಗವ್ವ ಟಿಕ್ ಹಾಕಿದರು. ಗಂಗವ್ವನ ಹೆಸರು, ಮನೆಯ ವಿಳಾಸ, ಪೋಸ್ಟ್‌ಕೋಡ್. ಟಿಕ್. ನಿಮ್ಮ ಪತಿ ನಮ್ಮ ಸಂಸ್ಥೆಯಲ್ಲಿ ಇಪ್ಪತ್ತೇಳು ವರ್ಷ ನಿಷ್ಠೆಯಿಂದ ದುಡಿದರು. ಟಿಕ್, ಸ್ವಲ್ಪ ದೊಡ್ಡದು. ಆಮೇಲಿನ ಸಾಲಿಗೆ ಬಂದಾಗ ಐಲ್ಸಾರ ದನಿ ಇಳಿಯಿತು. ಗಂಗವ್ವ “ಲೌಡ್” ಎಂದರು. ಐಲ್ಸಾ ಮತ್ತೆ ಓದಿದರು: ನಿಮ್ಮ ಪೆನ್ಶನ್ ಲೆಕ್ಕವನ್ನು ನಾನೇ ಖುದ್ದಾಗಿ ಪರಿಶೀಲಿಸಿದ್ದೇನೆ.

ಪೆನ್ಸಿಲ್ ನಿಂತಿತು.

ಐಲ್ಸಾ ಕೈ ಚಾಚಿದರು, ಗಂಗವ್ವ ಪೆನ್ಸಿಲ್ ವಾಪಸ್ಸು ಕೊಟ್ಟರು. ಐಲ್ಸಾ ಆ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದರು, ಕೆಳಗಿನ ಅಕ್ಷರಗಳು ಕಾಣುವ ಹಾಗೆಯೇ. ಮೇಲೆ ಸಣ್ಣದಾಗಿ ಬರೆದರು: ಪರಿಶೀಲಿಸಿರಲಿಲ್ಲ. ಪಕ್ಕದಲ್ಲಿ ಎ.ಜಿ. ಎಂದು ಹಾಕಿ, ಆ ದಿನದ ತಾರೀಖು ಬರೆದು, ಹಾಳೆಯನ್ನು ತಿರುಗಿಸಿ ಗಂಗವ್ವನ ಮುಂದಿಟ್ಟರು.

ಗಂಗವ್ವ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಫೋಟೋ ಕಡೆ ಒಮ್ಮೆ ನೋಡಿದರು. ಆಮೇಲೆ ಐಲ್ಸಾರ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಆ ಎರಡು ಅಕ್ಷರಗಳ ಪಕ್ಕ ಟಿಕ್ ಹಾಕಿದರು.